ಕಾಲ್ಬೆರಳಿನ ಉರಿ ಮತ್ತು 19ರ ಹಿಮೋಗ್ಲೋಬಿನ್

ನಿಮ್ಮ ತಂದೆಯವರ ಕಾಲ್ಬೆರಳುಗಳು ಕೆಂಪೇರಿ ಉರಿಯುತ್ತವೆ, ಸಕ್ಕರೆ ಕಾಯಿಲೆ ಇಲ್ಲ, ಹಿಮೋಗ್ಲೋಬಿನ್ ಮಾತ್ರ 19ಕ್ಕೆ ಏರಿದೆ, ಇದು ಬಿಸಿಲಿನ ಉಷ್ಣವೋ ರಕ್ತದ ದೋಷವೋ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಲಕ್ಷಣಗಳಿಂದ ಶುರುವಾಗಿ ಪಾಲಿಸೈಥೀಮಿಯಾ ವೆರಾ ಎಂಬ ಅಪರೂಪದ ರಕ್ತರೋಗ ಇದೆಯೆಂದು ಕಂಡುಕೊಂಡ ರಾಯಚೂರಿನವನು.

ನಮ್ಮೂರಿನ ಏಪ್ರಿಲ್‌ನಲ್ಲಿ ಅಂಗಾಲು ಉರಿದರೆ ರಕ್ತದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಾನೂ ಮಜ್ಜಿಗೆ, ಹರಳೆಣ್ಣೆ ಎಂದು ಎರಡು ಬೇಸಿಗೆ ಕಳೆದೆ. ರಾತ್ರಿ ಚಾದರ ತಾಗಿದರೂ ತಾಳಲಾಗದೆ ಮಂಚದಿಂದಿಳಿದು, ಶಹಾಬಾದ್ ಕಲ್ಲಿನ ನೆಲಕ್ಕೆ ಪಾದವೊತ್ತಿ ಕುಳಿತರೆ ಉರಿ ತುಸು ತಗ್ಗುತ್ತಿತ್ತು. ಸ್ನಾನವಾದ ಕೂಡಲೇ ಒಂದು ದದ್ದೂ ಇಲ್ಲದೆ ಮೈಯೆಲ್ಲ ತುರಿಸುತ್ತಿತ್ತು. ವರದಿ ನೋಡಿದ ವೈದ್ಯರೊಬ್ಬರು ‘ರಕ್ತ ಚೆನ್ನಾಗಿದೆ’ ಎಂದಾಗ ಹಿಗ್ಗಿದ್ದೂ ಉಂಟು. ಮೀನಖಂಡ ಊದಿಕೊಂಡು, ಅಲ್ಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಕಂಡ ಮೇಲಷ್ಟೇ ರಕ್ತರೋಗ ತಜ್ಞರಲ್ಲಿಗೆ ಹೋದೆ.

ಈ ರೋಗದಲ್ಲಿ ಅಸ್ಥಿಮಜ್ಜೆಯು ಕೆಂಪು ರಕ್ತಕಣಗಳನ್ನು, ಎಷ್ಟೋ ಸಲ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನೂ, ಅಗತ್ಯ ಮೀರಿ ತಯಾರಿಸುತ್ತದೆ. ಬೆರಳ ತುದಿಯ ಸಣ್ಣ ಧಮನಿಗಳಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೆ ಉರಿ. ದೊಡ್ಡ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಅಥವಾ ಹೃದಯಾಘಾತ. ಕೆಲವರಲ್ಲಂತೂ ಯಕೃತ್ತಿನಿಂದ ಹೊರಡುವ ಅಭಿಧಮನಿ ಕಟ್ಟಿಕೊಂಡು ಹೊಟ್ಟೆ ಊದುವುದೇ ರೋಗದ ಮೊದಲ ಸುಳಿವು.

ಹಾಗೆಂದು 19 ಕಂಡೊಡನೆ ಇದೇ ರೋಗವೆಂದು ತೀರ್ಮಾನಿಸಬೇಡಿ. ಬೀಡಿ-ಸಿಗರೇಟು, ಶ್ವಾಸಕೋಶದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಬಿಸಿಲಿಗೆ ಮೈಯ ನೀರಿನಂಶ ಇಂಗುವುದು ಕೂಡ ಈ ಅಂಕಿಯನ್ನು ಏರಿಸುತ್ತವೆ. ಚೆನ್ನಾಗಿ ನೀರು ಕುಡಿಸಿ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಆಗಲೂ ಇಳಿಯದಿದ್ದರೆ ಎರಿಥ್ರೋಪೊಯೆಟಿನ್ (ಕೆಂಪು ಕಣ ತಯಾರಿಸಲು ಮಜ್ಜೆಗೆ ಸೂಚಿಸುವ ಹಾರ್ಮೋನು) ಮಟ್ಟದ ಜೊತೆಗೆ ಜಾಕ್2 ಜೀನಿನ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಿ. 2005ರಲ್ಲಿ ಪತ್ತೆಯಾದ ಈ ಜೀನಿನ ಮಾರ್ಪಾಡು ಸುಮಾರು 95 ಪ್ರತಿಶತ ರೋಗಿಗಳಲ್ಲಿ ಕಾಣುತ್ತದೆ, ನನ್ನಲ್ಲಿಯೂ ಕಂಡಿತು.

ಚಿಕಿತ್ಸೆ ಕೇಳಲು ವಿಚಿತ್ರ: ರಕ್ತವನ್ನು ತೆಗೆದು ಹಾಕುವುದು. ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 45 ಪ್ರತಿಶತಕ್ಕಿಂತ ಕೆಳಗೆ ಬರುವವರೆಗೆ ನನಗೆ ಹಾಗೆ ಮಾಡಿದರು. ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸಿದ ಕೆಲವೇ ದಿನಗಳಲ್ಲಿ ಆ ಎರಡು ಬೇಸಿಗೆಯ ಉರಿ ನಿಂತಿತು. ಆದರೆ ಪ್ಲೇಟ್‌ಲೆಟ್ ಸಂಖ್ಯೆ ವಿಪರೀತ ಏರಿದವರಿಗೆ ಆಸ್ಪಿರಿನ್‌ನಿಂದ ರಕ್ತಸ್ರಾವವಾಗಬಹುದು, ಆದ್ದರಿಂದ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಬೆರಳು ನೀಲಿಗಟ್ಟಿದರೆ, ಮಾತು ತೊದಲಿದರೆ ಅಥವಾ ಒಂದು ಕೈ ಸೋತರೆ ವರದಿಗಾಗಿ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.