ಕೆಟ್ಟ ರಸ್ತೆಯಲ್ಲಿ ಬೈಕಿನ ಹಿಂದೆ ಕಟ್ಟಿದ ಬ್ಯಾಗ್ ಜಾರದಂತೆ ಮಾಡುವುದು ಹೇಗೆ?

ಬರೀ ಬಂಜೀ ಹಗ್ಗ ನಂಬಬೇಡಿ. ಅದು ರಬ್ಬರ್ ಅಲ್ವಾ, ಪ್ರತಿ ಗುಂಡಿಗೂ ಹಿಗ್ಗುತ್ತದೆ, ಬ್ಯಾಗ್ ಮೆಲ್ಲಗೆ ಒಂದು ಕಡೆ ವಾಲುತ್ತದೆ. ಹಿಗ್ಗದ, ಬಕಲ್ ಇರುವ ಎರಡು ನೈಲಾನ್ ಪಟ್ಟಿ ತಗೊಂಡು ಕತ್ತರಿ ಆಕಾರದಲ್ಲಿ ಬಿಗಿಯಿರಿ. ಕೊಕ್ಕೆ ಗ್ರ್ಯಾಬ್ ರೈಲಿಗೆ (ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ) ಇಲ್ಲವೇ ಫ್ರೇಮಿಗೆ ಇರಲಿ, ಇಂಡಿಕೇಟರ್‌ಗೆ ಬೇಡವೇ ಬೇಡ. ಬ್ಯಾಗಿನಡಿ ಹಳೇ ಸೈಕಲ್ ಟ್ಯೂಬ್ ಸೀಳಿ ಹಾಸಿದರೆ ಜಾರುವುದು ಎಷ್ಟೋ ಕಡಿಮೆ. ಭಾರದ ಸಾಮಾನು ತಳದಲ್ಲಿ, ನಿಮ್ಮ ಬೆನ್ನಿಗೆ ಹತ್ತಿರ ಇರಲಿ.

ಪಟ್ಟಿಯ ಉಳಿದ ತುದಿಯನ್ನು ಒಳಗೆ ಸಿಕ್ಕಿಸಿ. ಚಾರ್ಮಾಡಿ ಘಾಟಿಯಲ್ಲಿ ನನ್ನದು ಗಾಳಿಗೆ ಹಾರಿ ಚೈನಿಗೆ ಸುತ್ತಿಕೊಂಡಿತ್ತು. ಮಳೆಯಲ್ಲಿ ಕೂತು ಬ್ಲೇಡಿನಿಂದ ಕುಯ್ದು ತೆಗೆದೆ. ಹೊರಟು 10 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ. ಒಳಗಿನ ಬಟ್ಟೆ ಅದುಮಿಕೊಂಡು ಪಟ್ಟಿ ಸಡಿಲ ಆಗಿರುತ್ತದೆ, ಮತ್ತೆ ಎಳೆದು ಬಿಗಿ ಮಾಡಿ.