ಮೂರು ವಿಭಾಗ, ಮೂರು ಲೆಕ್ಕ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಗಣಕ ವಿಭಾಗದಲ್ಲಿದ್ದೇನೆ. ಸಿಬ್ಬಂದಿ ಬ್ರೌಸರ್‌ನಲ್ಲೇ ವರದಿ ನೋಡಿ ತೀರ್ಮಾನಿಸುವಂಥ ವ್ಯವಸ್ಥೆ ಕಟ್ಟಬೇಕಿದೆ. ಆದರೆ ಪ್ರವೇಶ, ಹಣಕಾಸು, ಪರೀಕ್ಷಾ ವಿಭಾಗಗಳು ವಿದ್ಯಾರ್ಥಿಗಳ ಸಂಖ್ಯೆಯನ್ನೇ ಬೇರೆ ಬೇರೆ ಕೊಡುತ್ತಿವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂರೂ ಸರಿಯಿರಬಹುದು. ಸೇರಿದವರು, ಶುಲ್ಕ ಕಟ್ಟಿದವರು, ಪರೀಕ್ಷೆಗೆ ಅರ್ಜಿ ಹಾಕಿದವರು ಒಂದೇ ಗುಂಪಲ್ಲ. ನ್ಯಾಕ್‌ಗೆ (ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮಂಡಳಿ) ಯಾವ ಸಂಖ್ಯೆ, ಎಐಎಸ್‌ಎಚ್‌ಇಗೆ (ಕೇಂದ್ರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ) ಯಾವುದು, ಯಾವ ದಿನಾಂಕದ್ದು ಎಂದು ಬರೆದು ಕುಲಸಚಿವರ ಸಹಿ ಪಡೆಯಿರಿ. ಕೋಡ್ ಆಮೇಲೆ. ಆ ಅಂಕಿಗಳನ್ನು ಈಗ ಎಕ್ಸೆಲ್‌ನಲ್ಲಿ ಕೂಡಿಸುತ್ತಿರುವ ಗುಮಾಸ್ತರ ಪಕ್ಕದಲ್ಲಿ ಕೂತು ನೋಡಿ. ಲ್ಯಾಟರಲ್ ಎಂಟ್ರಿಯವರನ್ನು, ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿದವರನ್ನು, ಎಲ್ಲಿ ಸೇರಿಸಬೇಕು, ಮಧ್ಯದಲ್ಲಿ ಬಿಟ್ಟವರನ್ನು ಯಾವಾಗ ಕಳೆಯಬೇಕು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ.

ಪರೀಕ್ಷಾ ವಿಭಾಗದ ಚಾಲ್ತಿ ಡೇಟಾಬೇಸ್ ಮೇಲೆ ವರದಿ ಓಡಿಸಲೇಬೇಡಿ, ಫಲಿತಾಂಶದ ದಿನ ಎರಡೂ ಕುಸಿಯುತ್ತವೆ. ದಿನಾ ರಾತ್ರಿ ಅದರ ನಕಲು ತೆಗೆದು, ವರದಿಯನ್ನು ಆ ನಕಲಿನ ಮೇಲೆ ಓಡಿಸಿ. ಆ ನಕಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದ್ದರೆ, ಅದರಲ್ಲೊಂದು ಮೆಟೀರಿಯಲೈಸ್ಡ್ ವ್ಯೂ (ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟ ಫಲಿತಾಂಶದ ಪಟ್ಟಿ) ಸಾಕು. ಅದಕ್ಕೊಂದು ಯೂನಿಕ್ ಇಂಡೆಕ್ಸ್ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಸೂಚಿ) ಕೊಟ್ಟು ‘ಕನ್‌ಕರೆಂಟ್ಲಿ’ ಆಯ್ಕೆಯಲ್ಲಿ ರಿಫ್ರೆಶ್ ಮಾಡಿದರೆ ನೋಡುತ್ತಿರುವವರಿಗೆ ತಡೆಯಾಗದು.

ವಿಭಾಗ ಮುಖ್ಯಸ್ಥರಿಗೆ ತಮ್ಮ ವಿಭಾಗವಷ್ಟೇ ಕಾಣಲಿ. ಜಾತಿ, ಆದಾಯದ ವಿವರ ಹೆಸರಿನ ಸಮೇತ ತೆರೆಯಬಾರದು, ಇದರಲ್ಲಿ ರಾಜಿ ಬೇಡ. ಪ್ರತಿ ಪುಟದಲ್ಲೂ ಅಂಕಿ ಯಾವ ದಿನಾಂಕದ್ದು ಎಂದು ಬರೆದಿರಲಿ. ಎಕ್ಸೆಲ್ ಡೌನ್‌ಲೋಡ್ ಗುಂಡಿಯನ್ನು ಮಾತ್ರ ಮರೆಯಬೇಡಿ, ಅದಿಲ್ಲದಿದ್ದರೆ ಸಿಬ್ಬಂದಿ ಹಳೆಯ ಫೈಲಿಗೇ ಮರಳುತ್ತಾರೆ.