ಅಮೆರಿಕದ ವಿಶ್ವವಿದ್ಯಾಲಯ ತಂಡಗಳಾದ ಡ್ಯೂಕ್–ನಾರ್ತ್ ಕ್ಯಾರೊಲೈನಾ ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಮುನ್ನ ಏನೇನು ನೋಡಿಕೊಳ್ಳಬೇಕು?
ಮೊದಲು ಪಂದ್ಯ ಯಾರ ಅಂಗಣದಲ್ಲಿ ಎಂದು ನೋಡಿ. ಡ್ಯೂಕ್‌ನ ಕ್ಯಾಮೆರಾನ್ ಒಳಾಂಗಣದಲ್ಲಿ 9,314 ಆಸನವಷ್ಟೇ. ಆದರೆ ವಿದ್ಯಾರ್ಥಿಗಳು ಅಂಕಣದ ಅಂಚಿನಲ್ಲೇ ನಿಂತು ಕೂಗುತ್ತಾರೆ. ಆ ಗದ್ದಲದಲ್ಲಿ ಎದುರಾಳಿ ಗಾರ್ಡ್ (ಚೆಂಡು ನಡೆಸುವ ಆಟಗಾರ) ಹೇಳಿದ್ದು ಜೊತೆಗಾರರಿಗೆ ಕೇಳದೆ ಟರ್ನೋವರ್ (ಶಾಟ್ ಹೊಡೆಯದೆಯೇ ಚೆಂಡು ಕಳೆದುಕೊಳ್ಳುವುದು) ಆಗುತ್ತದೆ. ಆ ಗದ್ದಲವೇ ಈ ಪಂದ್ಯದ ಜೀವ.

ಸರಾಸರಿ ಅಂಕ ನಂಬಬೇಡಿ, ವೇಗವಾಗಿ ಆಡುವ ತಂಡಕ್ಕೆ ಅದು ಸುಮ್ಮನೆ ಹೆಚ್ಚುತ್ತದೆ. 100 ಪೊಸೆಷನ್‌ಗೆ (ಚೆಂಡು ಒಂದು ತಂಡದ ಕೈಯಲ್ಲಿರುವ ಸರದಿ) ಎಷ್ಟು ಅಂಕ ಎಂದು ಲೆಕ್ಕ ಹಾಕಿ. ಪೊಸೆಷನ್‌ಗಳ ಅಂದಾಜು ಸಂಖ್ಯೆ ಎಂದರೆ, ಹೊಡೆದ ಒಟ್ಟು ಶಾಟ್‌ಗಳಲ್ಲಿ ಆಕ್ರಮಣದ ರಿಬೌಂಡ್ (ತಮ್ಮದೇ ಶಾಟ್ ತಪ್ಪಿದಾಗ ಚೆಂಡನ್ನು ಮತ್ತೆ ಹಿಡಿಯುವುದು) ಕಳೆದು, ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳನ್ನು (ಫೌಲ್‌ಗೆ ಸಿಗುವ ಉಚಿತ ಎಸೆತ) 0.475ರಿಂದ ಗುಣಿಸಿ ಸೇರಿಸಿದ್ದು.

ಕೊನೆಗೆ ಬೆಂಚು, ಅಂದರೆ ಬದಲಿ ಆಟಗಾರರು. 5 ಫೌಲಿಗೆ ಆಟಗಾರ ಹೊರಗೆ; ಎತ್ತರದ ಬದಲಿ ಆಟಗಾರ ಇಲ್ಲದ ತಂಡ ಮೊದಲಾರ್ಧದಲ್ಲೇ ಸೆಂಟರ್‌ಗೆ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) 2 ಫೌಲ್ ಬಿದ್ದು ಅವನನ್ನು ಕೂರಿಸಬೇಕಾದರೆ ರಿಬೌಂಡ್‌ನಲ್ಲಿ ಸೋಲುತ್ತದೆ.